ಗಣಿ ಪಕ್ಕದ ಮೈದಾನಗಳು: ಓಬರ್‌ಲಿಗಾ ವೆಸ್ಟ್ ಕತೆ

ಕೇಳುಗರಿಗೆಲ್ಲ ನಮಸ್ಕಾರ. ಬುಂಡೆಸ್‌ಲಿಗಾ ಅಂದ್ರೆ ಈಗ ರಾತ್ರಿ ನಿದ್ದೆಗೆಟ್ಟು ಮೊಬೈಲಲ್ಲಿ ಮ್ಯಾಚ್ ನೋಡೋ ಹುಡುಗ್ರಿಗೆಲ್ಲ ಗೊತ್ತು, ಬಾಯರ್ನ್ ಮ್ಯೂನಿಕ್ ಗೊತ್ತು, ಡಾರ್ಟ್ಮಂಡ್ ಗೊತ್ತು. ಆದ್ರೆ ಆ ಬುಂಡೆಸ್‌ಲಿಗಾ ಶುರುವಾಗಿದ್ದು 1963ರಲ್ಲಿ ಅಂದ್ರೆ ತುಂಬಾ ಜನ ನಂಬಲ್ಲ. ಇಂಗ್ಲೆಂಡಲ್ಲಿ 1888ರಲ್ಲೇ ಲೀಗ್ ಇತ್ತು, ಇಟಲಿಲಿ 1929ರಿಂದ ಇತ್ತು, ಜರ್ಮನಿ ಮಾತ್ರ 1954ರಲ್ಲಿ ವರ್ಲ್ಡ್ ಕಪ್ ಗೆದ್ದಾಗ್ಲೂ ಇಡೀ ದೇಶಕ್ಕೆ ಅಂತ ಒಂದು ಲೀಗ್ ಇಟ್ಕೊಂಡಿರ್ಲಿಲ್ಲ. ಹಾಗಾದ್ರೆ ಅಲ್ಲಿವರೆಗೂ ಏನಾಡ್ತಿದ್ರು? ಪ್ರಾಂತ್ಯಕ್ಕೊಂದು ಲೀಗ್. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಲಿ ಅಂಥವು ಐದು, ಹೆಸರು ಓಬರ್‌ಲಿಗಾ, ದಕ್ಷಿಣ, ನೈಋತ್ಯ, ಪಶ್ಚಿಮ, ಉತ್ತರ, ಆಮೇಲೆ ಬರ್ಲಿನ್. ಇವತ್ತು ನಾನು ಹೇಳೋದು ಅದ್ರಲ್ಲಿ ಒಂದರ ಕತೆ ಮಾತ್ರ, ಓಬರ್‌ಲಿಗಾ ವೆಸ್ಟ್. 1947ರಿಂದ 1963ರವರೆಗೆ, ಹದಿನಾರೇ ಸೀಸನ್.

ಐದು ಲೀಗ್ ಯಾಕೆ ಅಂದ್ರೆ ದೇಶಾನೇ ಆಗ ತುಂಡಾಗಿತ್ತು. ಅಮೆರಿಕದವರ ಕೈಲಿದ್ದ ದಕ್ಷಿಣದಲ್ಲಿ 1945ರ ನವೆಂಬರಲ್ಲೇ ಆಟ ಶುರುವಾಯ್ತು, ಬ್ರಿಟಿಷರ ಕೈಲಿದ್ದ ಭಾಗದಲ್ಲಿ ಇನ್ನೆರಡು ವರ್ಷ ತಡ. ಪ್ರತಿ ಲೀಗಲ್ಲಿ ಗೆದ್ದವರು, ಕೆಲವು ಸಲ ಎರಡನೇ ಸ್ಥಾನ ಬಂದವರೂ ಸೇರ್ಕೊಂಡು ಬೇಸಿಗೆ ಹೊತ್ತಿಗೆ ಒಂದು ಕೊನೇ ಸುತ್ತು ಆಡೋರು, ಫೈನಲ್ ಯಾವುದೋ ಮೂರನೇ ಊರಲ್ಲಿ, ಗೆದ್ದವನು ಜರ್ಮನಿ ಚಾಂಪಿಯನ್. ಅಂದ್ರೆ ವರ್ಷಪೂರ್ತಿ ಚೆನ್ನಾಗಿ ಆಡಿ ಕೊನೇ ಮೂರು ವಾರದಲ್ಲಿ ಎಡವಿದ್ರೆ ಕತೆ ಮುಗೀತು.

1947 ಅಂದ್ರೆ ಹಸಿವಿನ ಕಾಲ. ಪಶ್ಚಿಮದ ಕಲ್ಲಿದ್ದಲು ಸೀಮೆ ರೂರ್, ಅಲ್ಲಿನ ಊರುಗಳೆಲ್ಲ ಬಾಂಬಿಗೆ ಸಿಕ್ಕಿ ಕಲ್ಲುರಾಶಿ ಆಗಿದ್ವು, ತಿನ್ನೋದಕ್ಕೆ ರೇಷನ್ನು, ಅದೂ ಅರೆಹೊಟ್ಟೆ. ಆಟಗಾರರಿಗೆ ದುಡ್ಡು ಕೊಟ್ರೂ ಅದ್ರಿಂದ ಏನೂ ಬರ್ತಿರ್ಲಿಲ್ಲ, ಹಳೇ ಮಾರ್ಕಿಗೆ ಬೆಲೆನೇ ಇಲ್ಲ, ಅದಕ್ಕೆ ದೊಡ್ಡ ದೊಡ್ಡ ಟೀಮುಗಳೇ ಹಳ್ಳಿ ಕಡೆ ಹೋಗಿ ರೈತರ ಊರಿನ ಟೀಮಿನ ಜೊತೆ ಫ್ರೆಂಡ್ಲಿ ಮ್ಯಾಚ್ ಆಡಿ ಆಲೂಗಡ್ಡೆ, ಹಂದಿಮಾಂಸ, ಒಂದಿಷ್ಟು ಹಿಟ್ಟು ತಗೊಂಡು ಬರೋರು, ಅದಕ್ಕೆ ಆಲೂಗಡ್ಡೆ ಮ್ಯಾಚು ಅಂತಾನೇ ಹೆಸರು. ಗಣಿ ಕೆಲಸದವ್ರಿಗೆ ಮಾತ್ರ ರೇಷನ್ ಸ್ವಲ್ಪ ಜಾಸ್ತಿ, ಯಾಕಂದ್ರೆ ಕಲ್ಲಿದ್ದಲು ಬಂದ್ರೆ ತಾನೇ ರೈಲು ಓಡೋದು, ಚಳಿಗಾಲ ಕಳೆಯೋದು. ಈ ಒಂದು ವಿಷಯ ನೆನಪಲ್ಲಿಟ್ಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತೆ.

ಅದೇ ವರ್ಷ ಮೇ 18ಕ್ಕೆ ಹೆರ್ನೆ ಊರಲ್ಲಿ ವೆಸ್ಟ್‌ಫಾಲಿಯಾ ಪ್ರಾಂತ್ಯದ ಫೈನಲ್ ನಡೀತು, ಶಾಲ್ಕೆ ಮತ್ತೆ ಡಾರ್ಟ್ಮಂಡ್. ಶಾಲ್ಕೆ ಅಂದ್ರೆ ಆಗಿನ ರಾಜರು, 1934ರಿಂದ 1942ರೊಳಗೆ ಆರು ಸಲ ಜರ್ಮನಿ ಚಾಂಪಿಯನ್ ಆದವರು. ಡಾರ್ಟ್ಮಂಡ್ 3-2 ಗೆದ್ದುಬಿಡ್ತು. ಆಮೇಲೆ ಹೊಸ ಓಬರ್‌ಲಿಗಾ ಶುರುವಾದಾಗ ಮೊದಲ ಮೂರು ವರ್ಷವೂ ಅವರದ್ದೇ ಗೆಲುವು, 1949ರಲ್ಲಿ ಜರ್ಮನಿ ಫೈನಲ್‌ಗೂ ಹೋದ್ರು, ಸ್ಟುಟ್‌ಗಾರ್ಟ್‌ನಲ್ಲಿ ಜುಲೈ ತಿಂಗಳ ಸುಡು ಬಿಸಿಲಲ್ಲಿ ಎಕ್ಸ್‌ಟ್ರಾ ಟೈಮ್‌ವರೆಗೂ ಎಳೆದಾಡಿ ಮಾನ್‌ಹೈಮ್ ಟೀಮಿಗೆ 2-3 ಸೋತು ಬಂದ್ರು.

ಆದ್ರೆ ನನ್ನನ್ನ ಕೇಳಿದ್ರೆ ಈ ಲೀಗಿನ ಸ್ವಾರಸ್ಯ ದೊಡ್ಡ ಕ್ಲಬ್‌ಗಳಲ್ಲಿಲ್ಲ. ಮೊದಲ ಸೀಸನ್ನಲ್ಲಿ ಎರಡನೇ ಸ್ಥಾನ ಬಂದಿದ್ದು ಯಾರು ಗೊತ್ತಾ, ಕಾಟರ್ನ್‌ಬರ್ಗ್. ಅದು ಊರಲ್ಲ, ಎಸ್ಸೆನ್ ನಗರದ ಒಂದು ಬಡಾವಣೆ, ಪಕ್ಕದಲ್ಲೇ ಸೋಲ್‌ಫೆರೈನ್ ಅನ್ನೋ ದೊಡ್ಡ ಕಲ್ಲಿದ್ದಲು ಗಣಿ. ಹಾಗೇ ಹೊರ್ಸ್ಟ್ ಅಂತ ಇನ್ನೊಂದು, ಗೆಲ್ಸೆನ್‌ಕಿರ್ಖೆನ್‌ನ ಬಡಾವಣೆ, ಅಲ್ಲೊಂದು ಗಣಿ. ಎರ್ಕನ್‌ಶ್ವಿಕ್, ಅಲ್ಲೂ ಗಣಿ. ಹೆರ್ನೆಯ ಮಗ್ಗುಲಲ್ಲಿ ಸೋಡಿಂಗನ್, ಅಲ್ಲಿ ಮೋಂಟ್ ಸೆನಿಸ್ ಅನ್ನೋ ಗಣಿ. ಎಲ್ಲಾ ಅಕ್ಕಪಕ್ಕ, ಬೆಂಗಳೂರಲ್ಲಿ ಜಯನಗರದಿಂದ ಯಲಹಂಕಕ್ಕೆ ಹೋಗೋ ಅಷ್ಟು ದೂರದಲ್ಲಿ ಟಾಪ್ ಡಿವಿಷನ್ ಕ್ಲಬ್‌ಗಳೇ ನಾಲ್ಕೈದು ಇದ್ದ ಹಾಗೆ. ಎದುರು ಟೀಮಿನ ಊರಿಗೆ ಹೋಗೋಕೆ ಟ್ರಾಮ್ ಸಾಕು, ಸೈಕಲ್ ಸಾಕು. ಇವತ್ತು ಮೈದಾನದಲ್ಲಿ ಕಾಲಿಗೆ ಒದ್ದವನು ನಾಳೆ ಬೆಳಿಗ್ಗೆ ನಿಮ್ಮದೇ ಶಿಫ್ಟಲ್ಲಿ ಇರಬಹುದು.

ಕ್ಲಬ್ಬಿಗೂ ಗಣಿಗೂ ಸಂಬಂಧ ಬರೀ ಅಕ್ಕಪಕ್ಕದ್ದಲ್ಲ. 1948ರ ಹೊತ್ತಿಗೆ ಕಾಂಟ್ರಾಕ್ಟ್ ಆಟಗಾರ ಅನ್ನೋ ಒಂದು ಹೊಸ ಪದ್ಧತಿ ಬಂತು, ಅಂದ್ರೆ ಪೂರ್ತಿ ಪ್ರೊಫೆಷನಲ್ ಅಲ್ಲ, ಪೂರ್ತಿ ಹವ್ಯಾಸಿನೂ ಅಲ್ಲ, ತಿಂಗಳಿಗೆ ಹೆಚ್ಚಂದ್ರೆ 320 ಮಾರ್ಕ್, ಜೊತೆಗೆ ಬೇರೆ ಒಂದು ಕೆಲಸ ಇರಲೇಬೇಕು. ಆ ಕೆಲಸ ಯಾರು ಕೊಡ್ತಾರೆ? ಗಣಿ ಕೊಡುತ್ತೆ. ಚೆನ್ನಾಗಿ ಆಡೋ ಹುಡುಗ ಆದ್ರೆ ಸುರಂಗಕ್ಕೆ ಇಳಿಸದೆ ಮೇಲೇ ವರ್ಕ್‌ಶಾಪಲ್ಲೋ ಸ್ಟೋರಲ್ಲೋ ಹಗುರ ಕೆಲಸ, ಪ್ರಾಕ್ಟೀಸಿಗೆ ಮಧ್ಯಾಹ್ನನೇ ಬಿಡ್ತಾರೆ, ಕ್ವಾರ್ಟರ್ಸ್ ಮನೆನೂ ಸಿಗಬಹುದು. ಗಣಿ ಇದ್ದ ಊರು ಚಿಕ್ಕದಾದ್ರೂ ದೊಡ್ಡ ನಗರದ ಕ್ಲಬ್ ಜೊತೆ ಪೈಪೋಟಿ ಮಾಡೋಕೆ ಆಗ್ತಿದ್ದಿದ್ದು ಈ ಕಾರಣಕ್ಕೆ, ಸಂಬಳಕ್ಕೆ ಮೇಲ್ಮಿತಿ ಇತ್ತು, ಮನೆ ಮತ್ತೆ ಕೆಲಸ ಕೊಡೋಕೆ ಮಿತಿ ಇರ್ಲಿಲ್ಲ. ಗಣಿ ಇಲ್ಲದ ಊರಲ್ಲಿ ಬೇರೆ ಕೆಲಸ, ಡ್ಯೂಸಲ್‌ಡಾರ್ಫ್‌ನ ಗೋಲ್‌ಕೀಪರ್ ಟೋನಿ ಟುರೆಕ್ ಟ್ರಾಮ್ ಕಂಪನಿಲಿ ಕೆಲಸಕ್ಕಿದ್ದ, ಎಸ್ಸೆನ್ ಗೋಲ್‌ಕೀಪರ್ ಫ್ರಿಟ್ಸ್ ಹೆರ್ಕನ್‌ರಾಟ್ ಸ್ಕೂಲ್ ಮೇಷ್ಟ್ರು.

ಇನ್ನೊಂದು, ಆಗಿನ ಟೀಮ್ ಪಟ್ಟಿ ನೋಡಿದ್ರೆ ಹೆಸರುಗಳು ಅರ್ಧಕ್ಕರ್ಧ ಪೋಲೆಂಡ್ ಕಡೆಯವು. ಟಿಲ್ಕೊವ್‌ಸ್ಕಿ, ಕ್ವಿಯಾಟ್ಕೊವ್‌ಸ್ಕಿ, ಶಿಮಾನ್ಯಾಕ್, ಕೆಲ್ಬಾಸಾ, ಯುಸ್ಕೊವ್ಯಾಕ್. 1870ರ ನಂತರ ಪೂರ್ವದ ಹಳ್ಳಿಗಳಿಂದ, ಪೋಸನ್ ಕಡೆಯಿಂದ, ಮಸುರಿಯಾ ಕಡೆಯಿಂದ ಗಣಿ ಕೆಲಸ ಹುಡುಕ್ಕೊಂಡು ಬಂದವರ ಮೊಮ್ಮಕ್ಕಳು ಇವ್ರೆಲ್ಲ. ಹೊರ್ಸ್ಟ್ ಶಿಮಾನ್ಯಾಕ್ ಎರ್ಕನ್‌ಶ್ವಿಕ್‌ನವನು, ಹುಡುಗನಾಗಿದ್ದಾಗ ಗಣಿಲಿ ದುಡಿದವನು, ಆಮೇಲೆ ಜರ್ಮನಿ ಪರ 43 ಮ್ಯಾಚ್ ಆಡಿದ, ಇಟಲಿಯ ಕಟಾನಿಯಾ ಕ್ಲಬ್ಬಿಗೂ ಹೋದ.

ಸೋಡಿಂಗನ್ ಕತೆ ಹೇಳ್ಲೇಬೇಕು. 1955ರಲ್ಲಿ ಈ ಬಡಾವಣೆ ಟೀಮು ಲೀಗಲ್ಲಿ ಎರಡನೇ ಸ್ಥಾನ ಬಂದು ಜರ್ಮನಿ ಚಾಂಪಿಯನ್‌ಶಿಪ್ಪಿನ ಕೊನೇ ಸುತ್ತಿಗೆ ಹೋಯ್ತು. ಎದುರಿಗೆ ಕೈಸರ್ಸ್‌ಲೌಟರ್ನ್, ಹಿಂದಿನ ವರ್ಷ ವರ್ಲ್ಡ್ ಕಪ್ ಗೆದ್ದ ಟೀಮಿನ ಐದು ಜನ ಅದೇ ಕ್ಲಬ್ಬಿನವರು, ಕ್ಯಾಪ್ಟನ್ ಫ್ರಿಟ್ಸ್ ವಾಲ್ಟರ್ ಸಮೇತ. ಸೋಡಿಂಗನ್ ಮೈದಾನದಲ್ಲಿ ಅಷ್ಟು ಜನ ಹಿಡಿಸಲ್ಲ ಅಂತ ಮ್ಯಾಚನ್ನ ಶಾಲ್ಕೆಯ ಗ್ಲುಕ್‌ಔಫ್ ಮೈದಾನಕ್ಕೆ ಹಾಕಿದ್ರು, ಅಲ್ಲೂ ಹಿಡಿಸಲಿಲ್ಲ, ಜನ ಗೆರೆವರೆಗೂ ಬಂದು ಕೂತ್ರು, ಮ್ಯಾಚು 2-2. ಸೋಡಿಂಗನ್ ಫೈನಲ್‌ಗೆ ಹೋಗಲಿಲ್ಲ, ಆದ್ರೆ ವಿಶ್ವ ಚಾಂಪಿಯನ್ನರಿಗೆ ಗಣಿ ಹುಡುಗರು ಸರಿಸಮ ನಿಂತಿದ್ದು ಆ ಕಡೆ ಜನ ಬಹಳ ಕಾಲ ಹೆಮ್ಮೆಯಿಂದ ಹೇಳ್ಕೊಂಡ್ರು.

ಆ ವರ್ಷದ ಫೈನಲ್ ಗೆದ್ದಿದ್ದೂ ಇದೇ ಲೀಗಿನವರೇ, ರೋಟ್‌ವೈಸ್ ಎಸ್ಸೆನ್, ಅದೇ ಕೈಸರ್ಸ್‌ಲೌಟರ್ನ್ ಮೇಲೆ 4-3, ಹಾನೋವರ್‌ನಲ್ಲಿ. ಫ್ರಾಂಟ್ಸ್ ಇಸ್ಲಾಕರ್ ಮೂರು ಗೋಲು. ಆ ಟೀಮಿನ ಹೀರೋ ಹೆಲ್ಮುಟ್ ರಾನ್, 1954ರಲ್ಲಿ ಬರ್ನ್ ಫೈನಲ್ಲಲ್ಲಿ ಹಂಗೇರಿ ಮೇಲೆ 84ನೇ ನಿಮಿಷದಲ್ಲಿ ಗೆಲುವಿನ ಗೋಲ್ ಹೊಡೆದವನು. ಎಸ್ಸೆನ್‌ನಲ್ಲೇ ಹುಟ್ಟಿದವನು, ಕಾಟರ್ನ್‌ಬರ್ಗ್‌ನಲ್ಲಿ ಒಂದು ಸೀಸನ್ ಆಡಿ ರೋಟ್‌ವೈಸಿಗೆ ಬಂದಿದ್ದ. ವರ್ಲ್ಡ್ ಕಪ್‌ಗೆ ಮುಂಚೆ ಕ್ಲಬ್ ಜೊತೆ ದಕ್ಷಿಣ ಅಮೆರಿಕಕ್ಕೆ ಟೂರ್ ಹೋಗಿದ್ದವನನ್ನ ಕೋಚ್ ಹೆರ್ಬರ್ಗರ್ ಕರೆಸ್ಕೊಂಡಿದ್ದು. ಎಸ್ಸೆನ್ ಅದೇ 1955ರಲ್ಲಿ ಹೊಸದಾಗಿ ಶುರುವಾದ ಯುರೋಪಿಯನ್ ಕಪ್‌ಗೂ ಹೋಯ್ತು, ಪಶ್ಚಿಮ ಜರ್ಮನಿಯಿಂದ ಅದೇ ಮೊದಲು, ಆದ್ರೆ ಸ್ಕಾಟ್ಲೆಂಡಿನ ಹಿಬರ್ನಿಯನ್ ಬಂದು ಮನೆ ಮೈದಾನದಲ್ಲೇ 4-0 ಹೊಡೆದು ಹೋದ್ರು, ಆ ಮಾತು ಬಿಡಿ.

ಆಮೇಲಿನ ವರ್ಷಗಳು ಬೇಗ ಹೇಳ್ತೀನಿ. 1956 ಮತ್ತು 57 ಡಾರ್ಟ್ಮಂಡ್ ಜರ್ಮನಿ ಚಾಂಪಿಯನ್, ಎರಡೂ ಫೈನಲ್ಲಲ್ಲಿ ಅದೇ ಹನ್ನೊಂದು ಜನ. 1958 ಶಾಲ್ಕೆ. ಎಸ್ಸೆನ್ ಗೆದ್ದ 1955 ಸೇರಿ ನಾಲ್ಕು ವರ್ಷ ಸತತ ಚಾಂಪಿಯನ್ ಪಟ್ಟ ರೂರ್ ಬಿಟ್ಟು ಹೊರಗೆ ಹೋಗಲೇ ಇಲ್ಲ.

1959ರಲ್ಲಿ ಓಬರ್‌ಲಿಗಾ ವೆಸ್ಟ್ ಗೆದ್ದಿದ್ದು ವೆಸ್ಟ್‌ಫಾಲಿಯಾ ಹೆರ್ನೆ. ಯಾರೂ ಎಣಿಸಿರಲಿಲ್ಲ. ಕೋಚ್ ಫ್ರಿಟ್ಸ್ ಲಾಂಗ್ನರ್, ಬಿಗಿ ಮನುಷ್ಯ, ಗೋಲಲ್ಲಿ ಹಾನ್ಸ್ ಟಿಲ್ಕೊವ್‌ಸ್ಕಿ. ಅದೇ ಟಿಲ್ಕೊವ್‌ಸ್ಕಿ ಏಳು ವರ್ಷ ಆದ್ಮೇಲೆ ವೆಂಬ್ಲಿಲಿ ಇಂಗ್ಲೆಂಡ್ ಎದುರು ವರ್ಲ್ಡ್ ಕಪ್ ಫೈನಲ್ಲಲ್ಲಿ ನಿಂತಿದ್ದ, ಬಾಲು ಗೆರೆ ದಾಟ್ತೋ ಇಲ್ವೋ ಅನ್ನೋ ಆ ಜಗಳ ಇದೆಯಲ್ಲ, ಅದು ಹೋಗಿದ್ದು ಅವನ ತಲೆ ಮೇಲಿಂದಾನೇ.

ಹೆರ್ನೆ ಗೆದ್ದ ಹೊತ್ತಿಗೆ ಅವರ ಕಾಲ ಮುಗೀತಾ ಬಂದಿತ್ತು. 1958ರಿಂದ ಕಲ್ಲಿದ್ದಲು ಬಿಕ್ಕಟ್ಟು ಶುರು. ಹೊರಗಿನಿಂದ ಅಗ್ಗದ ಎಣ್ಣೆ ಬಂತು, ಅಮೆರಿಕದ ಕಲ್ಲಿದ್ದಲೇ ಅಗ್ಗ ಆಯ್ತು, ರೂರ್‌ನಲ್ಲಿ ತೆಗೆದ ಕಲ್ಲಿದ್ದಲು ಗಣಿ ಅಂಗಳದಲ್ಲೇ ರಾಶಿ ಬೀಳೋಕೆ ಶುರುವಾಯ್ತು, ಶಿಫ್ಟು ಕಮ್ಮಿ ಮಾಡಿದ್ರು, ಒಂದೊಂದೇ ಗಣಿ ಮುಚ್ಚಿದ್ರು. ಹಗುರ ಕೆಲಸ ಕೊಟ್ಟು ಆಟಗಾರರನ್ನ ಸಾಕೋ ಗಣಿಗೇ ಗತಿ ಇಲ್ಲ ಅಂದ್ಮೇಲೆ ಕ್ಲಬ್ ಏನ್ ಮಾಡುತ್ತೆ? ಆ ಕಡೆ ಕಲೋನ್, ಗಣಿ ಇಲ್ಲದ ದೊಡ್ಡ ನಗರ, ಅಧ್ಯಕ್ಷ ಫ್ರಾಂಟ್ಸ್ ಕ್ರೇಮರ್ ಕ್ಲಬ್ಬನ್ನ ಕಂಪನಿ ನಡೆಸೋ ಹಾಗೆ ನಡೆಸ್ತಿದ್ದ. 1960ರಿಂದ 63ರವರೆಗೆ ನಾಲ್ಕೂ ವರ್ಷ ಲೀಗ್ ಅವರದ್ದೇ. ಇಡೀ ದೇಶಕ್ಕೊಂದು ಲೀಗ್ ಬೇಕು, ಆಟಗಾರರಿಗೆ ಸರಿಯಾದ ಸಂಬಳ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳ್ತಿದ್ದಿದ್ದೂ ಅದೇ ಕ್ರೇಮರ್.

ಪ್ರಾಂತ್ಯದ ಫುಟ್‌ಬಾಲ್ ಸಂಘಗಳು ವರ್ಷಗಟ್ಟಲೆ ಬೇಡ ಅಂತ ಎಳೆದಾಡಿದ್ವು, ತಮ್ಮ ಅಧಿಕಾರ ಹೋಗುತ್ತೆ ಅಂತ. 1962ರ ವರ್ಲ್ಡ್ ಕಪ್‌ನಲ್ಲಿ ಜರ್ಮನಿ ಕ್ವಾರ್ಟರ್ ಫೈನಲ್ಲಲ್ಲಿ ಯುಗೊಸ್ಲಾವಿಯಾಗೆ ಸೋತು ಮನೆಗೆ ಬಂದ್ಮೇಲೆ ಮಾತಿನ ಧಾಟಿ ಬದಲಾಯ್ತು. ಜುಲೈ 28ಕ್ಕೆ ಡಾರ್ಟ್ಮಂಡ್‌ನ ಸಭೆಲಿ 103 ವೋಟು ಪರ, 26 ವಿರುದ್ಧ. ಹೊಸ ಲೀಗಿಗೆ 16 ಜಾಗ, ಅರ್ಜಿ ಹಾಕಿದವು 46 ಕ್ಲಬ್.

ಆಯ್ಕೆ ಹೇಗೆ ಮಾಡೋದು ಅನ್ನೋದ್ರಲ್ಲೇ ಜಗಳ ಇದ್ದಿದ್ದು. ಹನ್ನೆರಡು ವರ್ಷದ ಸಾಧನೆ ಲೆಕ್ಕ ಹಾಕಿ, ಇತ್ತೀಚಿನ ವರ್ಷಕ್ಕೆ ಮೂರು ಪಟ್ಟು ತೂಕ ಕೊಟ್ಟು, ಜೊತೆಗೆ ಸ್ಟೇಡಿಯಂ, ದುಡ್ಡು ಎಲ್ಲಾ ನೋಡಿದ್ರು. ಪಶ್ಚಿಮದಿಂದ ಐದು ಕ್ಲಬ್ ಒಳಗೆ ಬಂದ್ವು, ಕಲೋನ್, ಡಾರ್ಟ್ಮಂಡ್, ಶಾಲ್ಕೆ, ಮ್ಯೂನ್‌ಸ್ಟರ್, ಆಮೇಲೆ ಡ್ಯೂಸ್‌ಬರ್ಗ್‌ನ ಮೈಡರಿಖ್. ಆಖನ್ ಕ್ಲಬ್ಬಿಗೆ ಜಾಗ ಸಿಗಲಿಲ್ಲ, ಅವರು ಅನ್ಯಾಯ ಅನ್ಯಾಯ ಅಂತ ಕೂಗಿದ್ರು. ನಾಲ್ಕು ವರ್ಷದ ಹಿಂದೆ ಲೀಗ್ ಗೆದ್ದಿದ್ದ ಹೆರ್ನೆಗೂ ಇಲ್ಲ. ರೋಟ್‌ವೈಸ್ ಎಸ್ಸೆನ್ ಅಂತೂ 1961ರಲ್ಲೇ ಕೆಳಗಿನ ಡಿವಿಷನ್ನಿಗೆ ಬಿದ್ದಿತ್ತು, ಕೇಳೋ ಹಾಗೇ ಇಲ್ಲ. ಅಂದ ಹಾಗೆ ದಕ್ಷಿಣದಲ್ಲಿ ಬಾಯರ್ನ್ ಮ್ಯೂನಿಕ್‌ಗೂ ಸಿಗಲಿಲ್ಲ, ಆ ಊರಿಂದ 1860 ಅನ್ನೋ ಇನ್ನೊಂದು ಕ್ಲಬ್ಬನ್ನ ತಗೊಂಡ್ರು, ಈಗ ನೆನೆಸ್ಕೊಂಡ್ರೆ ನಗು ಬರುತ್ತೆ.

ಇಡೀ ದೇಶಕ್ಕೊಂದು ಲೀಗ್ ಬೇಕಿತ್ತು, ಅದ್ರಲ್ಲಿ ನನಗೇನೂ ಅನುಮಾನ ಇಲ್ಲ, ಒಳ್ಳೊಳ್ಳೆ ಆಟಗಾರರು ಇಟಲಿಗೆ ಓಡಿ ಹೋಗ್ತಿದ್ರು. ಆದ್ರೆ ಹನ್ನೆರಡು ವರ್ಷದ ಲೆಕ್ಕದಲ್ಲಿ ಬಡಾವಣೆ ಕ್ಲಬ್ಬಿಗೆ ಜಾಗ ಬರೋ ಚಾನ್ಸೇ ಇರ್ಲಿಲ್ಲ, ಅದು ಮೊದಲೇ ಗೊತ್ತಿದ್ದ ಉತ್ತರಕ್ಕೆ ಆಮೇಲೆ ಹಾಕಿದ ಲೆಕ್ಕದ ಥರ ಕಾಣುತ್ತೆ ನನಗೆ.

ಹಳೇ ಪದ್ಧತಿಯ ಕೊನೇ ಫೈನಲ್ 1963ರ ಜೂನ್ 29ಕ್ಕೆ ಸ್ಟುಟ್‌ಗಾರ್ಟ್‌ನಲ್ಲಿ, ಎರಡೂ ಟೀಮು ಓಬರ್‌ಲಿಗಾ ವೆಸ್ಟ್‌ನವೇ, ಡಾರ್ಟ್ಮಂಡ್ 3, ಕಲೋನ್ 1. ಆಗಸ್ಟಲ್ಲಿ ಬುಂಡೆಸ್‌ಲಿಗಾ ಶುರುವಾದಾಗ ಮೊದಲ ಗೋಲ್ ಹೊಡೆದವನು ಡಾರ್ಟ್ಮಂಡ್‌ನ ಟಿಮೊ ಕೊನಿಯೆಟ್ಸ್ಕಾ, ಅವನೂ ಹಿಂದೆ ಗಣಿಲಿ ಕೆಲಸ ಮಾಡಿದವನೇ. ಗಣಿ ಸೀಮೆಯ ಮೈಡರಿಖ್ ಮೊದಲ ವರ್ಷಾನೇ ಎರಡನೇ ಸ್ಥಾನ ಬಂತು, ಅವರು ಹಾಲೆಂಡಿಂದ ವಾಪಸ್ ಕರೆಸ್ಕೊಂಡಿದ್ದ ಮೂವತ್ನಾಲ್ಕು ವರ್ಷದ ರೈಟ್ ವಿಂಗರ್ ಬೇರೆ ಯಾರೂ ಅಲ್ಲ, ಹೆಲ್ಮುಟ್ ರಾನ್. ಮೈ ಭಾರ ಆಗಿತ್ತು, ಆದ್ರೂ ಗೋಲು ಹೊಡೀತಿದ್ದ. ಸೆಪ್ಟೆಂಬರಲ್ಲಿ ಬರ್ಲಿನ್‌ನ ಹೆರ್ಥಾ ಜೊತೆ ಮ್ಯಾಚಲ್ಲಿ ಎದುರು ಆಟಗಾರನಿಗೆ ತಲೆಲಿ ಗುದ್ದಿ ರೆಫರಿ ಕೈಲಿ ಹೊರಗೆ ಹಾಕಿಸ್ಕೊಂಡ, ಬುಂಡೆಸ್‌ಲಿಗಾ ಇತಿಹಾಸದಲ್ಲಿ ಹಾಗೆ ಮೈದಾನದಿಂದ ಹೊರಗೆ ಹೋದ ಮೊದಲನೆಯವನು ಅವನೇ. ನಮಸ್ಕಾರ.