020.92 ನಂಬರಿನ ಖಾಲಿ ಜಾಗ

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ಈ ಸಭೆಗೆ ನೀವು ಬೇರೆ ಬೇರೆ ಕಡೆಯಿಂದ ಬಂದಿದ್ದೀರಿ. ಜಮಖಂಡಿ, ಬೀಳಗಿ, ಹುನಗುಂದದವರು ಇದ್ದೀರಿ. ಆ ಕಡೆ ಇಂಡಿ, ಸಿಂದಗಿ, ಈ ಕಡೆ ರಾಮದುರ್ಗ, ಸವದತ್ತಿಯವರೂ ಇದ್ದೀರಿ. ಮುಂದಿನ ಸಾಲುಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಹಳ್ಳಿ ಗ್ರಂಥಾಲಯ ನಡೆಸುವ ಹೆಣ್ಣುಮಕ್ಕಳು. ಆಗಸ್ಟ್ 12 ಗ್ರಂಥಪಾಲಕರ ದಿನ. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರ ಫೋಟೋಕ್ಕೆ ಹಾರ ಹಾಕಿಯಾಯಿತು. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಬಗ್ಗೆ ನೀವು ಪ್ರತಿ ವರ್ಷ ಕೇಳುತ್ತೀರಿ. ಇವತ್ತು ನಾನು ಫೋಟೋ ಇಲ್ಲದವರ ಬಗ್ಗೆ ಮಾತಾಡುತ್ತೇನೆ.

ನಿಮ್ಮ ಆಕ್ಸೆಷನ್ ರಿಜಿಸ್ಟರ್ ನೆನಪಿಸಿಕೊಳ್ಳಿ. ಒಂದು ಪುಸ್ತಕ ಬಂದರೆ ಅದಕ್ಕೊಂದು ನಂಬರು. ಬಂದ ದಿನಾಂಕ, ಬರೆದವರು, ಅಚ್ಚು ಹಾಕಿಸಿದವರು, ಪುಟ, ಬೆಲೆ ಎಲ್ಲ ಬರೆಯುತ್ತೀರಿ. ಕಳೆದುಹೋದರೆ ಅದನ್ನೂ ಷರಾ ಕಾಲಂನಲ್ಲಿ ಹಾಕುತ್ತೀರಿ. ಎಂಟು ರೂಪಾಯಿಯ ಮಕ್ಕಳ ಕಥೆಗೂ ಹುಟ್ಟು ಸಾವಿನ ದಾಖಲೆ ಇದೆ! ಆದರೆ ಆ ಸಾಲನ್ನು ಬರೆದವರು ಯಾರು? ಹಳೆಯ ರಿಜಿಸ್ಟರ್ ತಿರುವಿ ಹಾಕಿದರೆ ಕೈಬರಹ ಬದಲಾಗಿದ್ದು ಕಾಣುತ್ತದೆ. ಒಬ್ಬರದು ದುಂಡಗೆ, ಇನ್ನೊಬ್ಬರದು ಓರೆ. ಹೆಸರು ಮಾತ್ರ ಎಲ್ಲೂ ಇಲ್ಲ.

ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂವಿ ಪದ್ಧತಿ ಗೊತ್ತಿರುವವರಿಗೆ ಒಂದು ಪ್ರಶ್ನೆ. ಕನ್ನಡ ಸಾಹಿತ್ಯಕ್ಕೆ 894.814. ಅದು ನಿಮಗೆ ಬಾಯಿಪಾಠ. 020.92 ಯಾವುದಕ್ಕೆ? ಗ್ರಂಥಪಾಲಕರ ಜೀವನಚರಿತ್ರೆಗೆ. ಅಂಥ ಪುಸ್ತಕಗಳಿಗೂ ಒಂದು ಜಾಗ ಮೀಸಲಿದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಪಾಟುಗಳಲ್ಲಿ ಆ ನಂಬರಿನ ಕೆಳಗೆ ನಮ್ಮ ಊರಿನ ಒಬ್ಬ ಹೆಣ್ಣುಮಗಳ ಕಥೆ ನಾನಂತೂ ನೋಡಿಲ್ಲ.

ಆ ನಂಬರು ಕೊಟ್ಟ ಮೆಲ್ವಿಲ್ ಡ್ಯೂವಿಯ ಕಥೆಯನ್ನೂ ಸ್ವಲ್ಪ ಹೇಳಬೇಕು. 1887ರಲ್ಲಿ ಅವನು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಾಲಯ ವಿಷಯ ಕಲಿಸುವ ಶಾಲೆ ತೆರೆದ. ಮೊದಲ ತಂಡದಲ್ಲಿ 20 ಜನ, ಅದರಲ್ಲಿ 17 ಜನ ಹೆಂಗಸರು. ಹೆಂಗಸರನ್ನು ಸೇರಿಸಿಕೊಂಡದ್ದು ಕಾಲೇಜಿನ ಆಡಳಿತಕ್ಕೆ ಇಷ್ಟವಾಗಲಿಲ್ಲ, ಕ್ಲಾಸ್‌ರೂಮ್ ಸಿಗಲಿಲ್ಲ. ಸಾಮಾನು ತುಂಬುವ ಕೋಣೆಯಲ್ಲಿ ಪಾಠ ನಡೆಯಿತು. ಇಷ್ಟು ಕೇಳಿದರೆ ಡ್ಯೂವಿ ಒಳ್ಳೆಯವನು ಅನ್ನಿಸುತ್ತದೆ, ಅಲ್ವಾ? ಆದರೆ ಅದರ ಹಿಂದಿನ ವರ್ಷವೇ ಅವನು ಒಂದು ಭಾಷಣದಲ್ಲಿ ಹೆಂಗಸರಿಗೆ ಸಂಬಳ ಯಾಕೆ ಕಡಿಮೆ ಎಂದು ಕಾರಣ ಕೊಟ್ಟಿದ್ದ. ಆರೋಗ್ಯ ಸಾಲದು, ವ್ಯವಹಾರ ಕಲಿತಿಲ್ಲ, ಮದುವೆಯಾಗಿ ಬಿಟ್ಟುಹೋಗುತ್ತಾರೆ. ಮುಂದೆ ಜೊತೆಯಲ್ಲಿ ಕೆಲಸ ಮಾಡುವ ಹೆಂಗಸರೊಂದಿಗೆ ಅವನ ನಡತೆ ಸರಿಯಿಲ್ಲ ಎಂದು ದೂರುಗಳು ಎದ್ದವು. 1906ರ ಹೊತ್ತಿಗೆ ಅಮೆರಿಕದ ಗ್ರಂಥಾಲಯ ಸಂಘದಿಂದ ಅವನು ದೂರ ಸರಿಯಬೇಕಾಯಿತು. ತನ್ನ ದೊಡ್ಡ ಪದಕಕ್ಕೆ ಇಟ್ಟಿದ್ದ ಅವನ ಹೆಸರನ್ನು ಆ ಸಂಘ ತೆಗೆದದ್ದು ಮಾತ್ರ 2019ರಲ್ಲಿ. ನೂರಕ್ಕೂ ಜಾಸ್ತಿ ವರ್ಷ! ಅವನ ಹೆಸರು ಇವತ್ತಿಗೂ ಎಲ್ಲರಿಗೂ ಗೊತ್ತು. ಆ 17 ಜನರ ಹೆಸರು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಅಮೆರಿಕ ಬಿಡಿ, ಮುಧೋಳಕ್ಕೆ ಬರೋಣ. ರನ್ನ ಹುಟ್ಟಿದ ಊರು, ಇಲ್ಲಿಂದ ದೂರವಿಲ್ಲ. ಬಳೆಗಾರರ ಮನೆಯ ಹುಡುಗನಿಗೆ ಆಸರೆಯಾದವರಲ್ಲಿ ಅತ್ತಿಮಬ್ಬೆಯೂ ಒಬ್ಬಳು. ಅವಳಿಗಾಗಿ ಅವನು 993ರಲ್ಲಿ ಅಜಿತಪುರಾಣ ಬರೆದ. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಚ್ಚಿನ ಯಂತ್ರ ಇಲ್ಲದ ಕಾಲ. ತಾಳೆಗರಿಯನ್ನು ಹದ ಮಾಡಿ, ಉಕ್ಕಿನ ಕಡ್ಡಿಯಿಂದ ಗೀರಿ, ಮಸಿ ತಿಕ್ಕಿ, ತೂತಿಗೆ ದಾರ ಪೋಣಿಸಬೇಕು. ಒಂದು ಪ್ರತಿಗೇ ಎಷ್ಟು ದಿನ ಬೇಕು ಯೋಚಿಸಿ. ಅತ್ತಿಮಬ್ಬೆಯನ್ನು ಕನ್ನಡದ ಮೊದಲ ಗ್ರಂಥಪಾಲಕಿ ಎಂದು ಕರೆಯುವವರಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆ ಇಲ್ಲ. ಅವಳು ಸೇನಾನಿಯ ಮನೆಯವಳು, ಹಣ ಇದ್ದವಳು, ದೊಡ್ಡ ದಾನಿ. ಹಣ ಕೊಟ್ಟವರನ್ನು ನೆನೆಯಲು ರನ್ನ ಇದ್ದ, ಲಕ್ಕುಂಡಿಯ ಶಾಸನ ಇದೆ. ಗರಿ ಹದ ಮಾಡಿದವರನ್ನು, ಪ್ರತಿ ಕಟ್ಟಿ ಊರೂರಿಗೆ ಒಯ್ದವರನ್ನು ಯಾರೂ ಬರೆದಿಡಲಿಲ್ಲ.

ವಿಜಯಪುರದ ಫ.ಗು. ಹಳಕಟ್ಟಿಯವರ ವಿಷಯದಲ್ಲೂ ನನಗೆ ಇದೇ ಅನ್ನಿಸುತ್ತದೆ. ವಚನದ ತಾಡೋಲೆಗಳನ್ನು ಹುಡುಕಿಕೊಂಡು ಅವರು ಮನೆ ಮನೆ, ಮಠ ಮಠ ಅಲೆದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಅವರ ಋಣ ತೀರುವುದಿಲ್ಲ. ಆದರೆ ಅವರು ಹೋಗುವ ತನಕ ಆ ಕಟ್ಟುಗಳು ಎಲ್ಲಿದ್ದವು? ಎಷ್ಟೋ ಕಟ್ಟುಗಳು ಮನೆಯ ಜಗುಲಿಯ ಮೇಲೆ, ದೇವರ ಜೊತೆ ಪೂಜೆಗೆ ಇದ್ದವು. ಜಗುಲಿ ಒರೆಸುವ ಕೈ ನಮ್ಮ ಮನೆಗಳಲ್ಲಿ ಯಾರದು, ನಾನು ಹೇಳಬೇಕಿಲ್ಲ.

ಈಗ ನನಗೆ ತುಂಬ ಇಷ್ಟವಾದ ಒಂದು ಕಥೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಭಾರೀ ಬಡತನ ಬಂದಿತ್ತು. ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ರಸ್ತೆ ಇರಲಿಲ್ಲ. 1935ರ ಸುಮಾರಿಗೆ ಸರ್ಕಾರ ಕುದುರೆ ಗ್ರಂಥಾಲಯ ಶುರು ಮಾಡಿತು. ಕುದುರೆಯ ಮೇಲೆ ಪುಸ್ತಕ ಒಯ್ಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಸಂಬಳ ತಿಂಗಳಿಗೆ 28 ಡಾಲರ್. ಕುದುರೆಯನ್ನೋ ಹೇಸರಗತ್ತೆಯನ್ನೋ ತಾವೇ ತರಬೇಕು, ಅದರ ಮೇವೂ ತಮ್ಮದೇ. ಹಳ್ಳ ದಾಟಿ, ಹಿಮದಲ್ಲಿ ನಡೆದು ಮನೆ ಮನೆಗೆ ಪುಸ್ತಕ ಕೊಟ್ಟರು. ಓದಲು ಬಾರದವರಿಗೆ ತಾವೇ ಓದಿ ಹೇಳಿದರು. ಪುಸ್ತಕ ಸಾಲದೆ ಬಂದಾಗ ಇನ್ನೊಂದು ಕೆಲಸ ಮಾಡಿದರು. ಹಳೆಯ ಪತ್ರಿಕೆಯಿಂದ ಕತ್ತರಿಸಿದ್ದನ್ನು ಅಂಟಿಸಿ ತಾವೇ ಪುಸ್ತಕ ಮಾಡಿದರು. ಅವುಗಳಿಂದ ಒಂದು ಕಣಿವೆಯ ಅಡುಗೆ ಮಾಡುವ ಬಗೆ ಇನ್ನೊಂದು ಕಣಿವೆಗೆ ಹೋಯಿತು. ಅಲ್ಲಿನ ಹೆಂಗಸರು ಹೊದಿಕೆ ಹೊಲಿಯುವ ಮಾದರಿಗಳನ್ನು ಬರೆದುಕೊಟ್ಟರು, ಅವೂ ಪುಸ್ತಕವಾದವು. ನಮ್ಮ ಕೌದಿ ಇದ್ದ ಹಾಗೆ ಅವರದೂ ತುಂಡು ಬಟ್ಟೆಯ ಹೊದಿಕೆ. ಓದುಗರೇ ಗ್ರಂಥಾಲಯಕ್ಕೆ ಬರೆದುಕೊಟ್ಟ ಪುಸ್ತಕ ಅದು! ನಮ್ಮ ಯಾವ ಗ್ರಂಥಾಲಯದಲ್ಲಿ ಗುಳೇದಗುಡ್ಡದ ನೇಕಾರ ಹೆಂಗಸರು ಖಣದ ಬಗ್ಗೆ ಹೇಳಿದ ಒಂದು ಪುಟ ಇದೆ? ಇಳಕಲ್ಲಿನಲ್ಲಿ ಟೋಪ ತೆನಿ ಸೆರಗಿನ ಬಗ್ಗೆ? 1943ರಲ್ಲಿ ಆ ಯೋಜನೆ ನಿಂತಿತು. ಆದರೆ ಆ ಹೆಂಗಸರ ಫೋಟೋಗಳಿವೆ, ಅವರು ಬರೆದ ವರದಿಗಳಿವೆ. ಯೋಜನೆಯವರು ದಾಖಲೆ ಇಟ್ಟರು. ಅದಕ್ಕೇ ಇಷ್ಟು ದೂರದಲ್ಲಿ ಕೂತು ನಾನು ಅವರ ಬಗ್ಗೆ ಹೇಳುತ್ತಿದ್ದೇನೆ.

ನಮ್ಮ ಕಡೆ ಏನಾಗಿದೆ? ಕಾನೂನಿನ ಕಥೆ ಬೇಗ ಮುಗಿಸುತ್ತೇನೆ. 1965ರಲ್ಲಿ ಗ್ರಂಥಾಲಯ ಕಾಯ್ದೆ ಬಂತು. ಮರುವರ್ಷ ಇಲಾಖೆ ಶುರುವಾಯಿತು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂತು. ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಆದೇಶ ಬೆಂಗಳೂರಿನಲ್ಲಿ ಆಯಿತು, ಮನೆ ಮನೆಗೆ ಹೋಗಿ ಮಕ್ಕಳ ಹೆಸರು ಬರೆದವರು ನೀವು.

ಹಳ್ಳಿಯ ವಾಚನಾಲಯ ಅಂದರೆ ಬಹಳ ಕಾಲ ಗಂಡಸರ ಕಟ್ಟೆಯೇ ಆಗಿತ್ತು. ಮುಂಜಾನೆ ಪೇಪರ್ ಹಂಚಿಕೊಂಡು ನಾಲ್ಕು ಜನ ಹಿರಿಯರು ಕೂತರೆ ಹುಡುಗಿಯರು ಒಳಗೆ ಕಾಲಿಡುತ್ತಿರಲಿಲ್ಲ. ಯಾರೂ ಬೇಡ ಅನ್ನುತ್ತಿರಲಿಲ್ಲ, ಸುಮ್ನೆ ಬರುತ್ತಿರಲಿಲ್ಲ. ಮೇಜಿನ ಹಿಂದೆ ಒಬ್ಬ ಅಕ್ಕ ಕೂತರೆ ಅದು ಬದಲಾಗುತ್ತದೆ. ಇದನ್ನು ನಾನು ಊರೂರಲ್ಲಿ ನೋಡಿದ್ದೇನೆ. ಮೊದಲು ತಮ್ಮನನ್ನು ಕರೆದುಕೊಂಡು ಒಬ್ಬ ಹುಡುಗಿ ಬರುತ್ತಾಳೆ. ಆಮೇಲೆ ಗೆಳತಿ. ಕೆಪಿಎಸ್‌ಸಿ, ಪೊಲೀಸ್ ನೇಮಕಾತಿಗೆ ಓದುವವರು ಬರುತ್ತಾರೆ. ತಾಯಂದಿರು ತಾವು ಬರುವುದಿಲ್ಲ, ಮಗನ ಕೈಲಿ ಹೇಳಿ ಕಳಿಸುತ್ತಾರೆ. "ಅಕ್ಕಾರ, ಅವ್ವ ಮೊನ್ನೆ ಕೊಟ್ಟಂಥಾದ್ದ ಇನ್ನೊಂದು ಕೊಡ್ರಿ ಅಂದಾಳ್ರಿ." ಮೊನ್ನೆ ಕೊಟ್ಟದ್ದು ಯಾವುದು, ಅವ್ವನಿಗೆ ಯಾಕೆ ಹಿಡಿಸಿತು ಎಂದು ಅಕ್ಕನಿಗೆ ಗೊತ್ತಿರುತ್ತದೆ. ಯಾವ ಕ್ಯಾಟಲಾಗೂ ಅದನ್ನು ಹೇಳುವುದಿಲ್ಲ. ಅವರು ಆ ಕೆಲಸ ಬಿಟ್ಟ ದಿನ ಅದೂ ಅವರ ಜೊತೆ ಹೋಗುತ್ತದೆ.

2019ರ ಆಗಸ್ಟ್ ನೆನಪಿದೆಯಲ್ಲ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ನದಿ ದಂಡೆಯ ಊರೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಒಬ್ಬರು ನನಗೆ ಪುಸ್ತಕ ಒಣಗಿಸಿದ ಬಗೆ ಹೇಳಿದರು. ಬಿಸಿಲಿಗೆ ಹಾಕಬಾರದು, ಹಾಳೆ ಸೊಟ್ಟಗಾಗುತ್ತದೆ. ನೆರಳಲ್ಲಿ ನಿಲ್ಲಿಸಬೇಕು. ಕೆಲವು ಹಾಳೆಗೊಂದರಂತೆ ಹಳೆಯ ಪೇಪರ್ ಇಡಬೇಕು, ಅದು ನೀರು ಕುಡಿದ ಮೇಲೆ ಬದಲಿಸಬೇಕು. ನುಣುಪು ಕಾಗದದ ಪುಸ್ತಕ ಒಮ್ಮೆ ಅಂಟಿಕೊಂಡರೆ ಮುಗಿಯಿತು. ಎರಡು ಮೂರು ದಿನ ಬಿಟ್ಟರೆ ಬೂಜು. ಅವರ ಮನೆಗೂ ನೀರು ಬಂದಿತ್ತು. ಮನೆಯದ್ದು ಮೊದಲು ನೋಡಿಕೊಂಡೆ, ಆಮೇಲೆ ಲೈಬ್ರರಿಗೆ ಹೋದೆ ಎಂದು ಅವರು ಯಾವ ಮುಜುಗರವೂ ಇಲ್ಲದೆ ಹೇಳಿದರು. ನನಗೆ ಆ ಮಾತು ಬಹಳ ಸೇರಿತು. ಇದನ್ನೇ ಸನ್ಮಾನ ಪತ್ರದಲ್ಲಿ ಬರೆದರೆ 'ಮನೆ ಮುಳುಗಿದರೂ ಪುಸ್ತಕ ಉಳಿಸಿದ ತ್ಯಾಗಮಯಿ' ಎಂದು ಬರೆಯುತ್ತೇವೆ. ಶಾಲು, ಹಾರ, ಒಂದು ಫಲಕ. ಸಭೆ ಮುಗಿದ ಮೇಲೆ ಅವರ ಗೌರವಧನ ಯಾವಾಗ ಬಂತು ಎಂದು ಕೇಳುವವರಿಲ್ಲ.

ಹಾಗಾಗಿ ನನ್ನ ಒಂದೇ ಕೋರಿಕೆ. ಹೊಗಳಿಕೆ ಸಾಕು, ಬರೆದಿಡೋಣ. ನಿಮ್ಮ ತಾಲೂಕಿನಲ್ಲಿ ನಿವೃತ್ತರಾದ ಗ್ರಂಥಪಾಲಕಿ ಇದ್ದಾರಾ, ಕಾಲೇಜಿನ ಲೈಬ್ರರಿಯಲ್ಲಿ ವರ್ಷಗಟ್ಟಲೆ ಅಟೆಂಡರ್ ಆಗಿದ್ದವರು ಇದ್ದಾರಾ, ಪುಸ್ತಕಕ್ಕೆ ರಟ್ಟು ಕಟ್ಟಿದವರು, ಕಸ ಗುಡಿಸಿ ಬೀಗ ತೆಗೆದವರು? ಹೋಗಿ ಕೂತು ಕೇಳಿ. 'ನಿಮ್ಮ ಸೇವೆ ಹೇಗಿತ್ತು' ಎಂದು ಕೇಳಬೇಡಿ. ಹಾಗೆ ಕೇಳಿದರೆ 'ದೇವರ ದಯೆ, ಚೆನ್ನಾಗಿತ್ತು' ಎಂಬ ಉತ್ತರ ಬರುತ್ತದೆ. ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು ಎಂದು ಕೇಳಿ. ಮೊದಲ ಸಂಬಳ ಎಷ್ಟು, ಅದು ಯಾವ ತಿಂಗಳು ಕೈಗೆ ಬಂತು? ಕಟ್ಟಡದಲ್ಲಿ ಶೌಚಾಲಯ ಇತ್ತಾ? ಕಳೆದ ಪುಸ್ತಕದ ದುಡ್ಡು ಯಾರ ಕೈಯಿಂದ ಹೋಯಿತು? ಮಗು ಸಣ್ಣದಿದ್ದಾಗ ಎಲ್ಲಿ ಮಲಗಿಸುತ್ತಿದ್ದರು? ಓದುಗರಲ್ಲಿ ಯಾರ ಮೇಲೆ ಸಿಟ್ಟು ಬರುತ್ತಿತ್ತು? ಈ ಕೊನೆಯದನ್ನು ಮರೆಯಬೇಡಿ, ಅಲ್ಲಿಂದ ಅವರ ಮಾತು ಬಿಚ್ಚಿಕೊಳ್ಳುತ್ತದೆ.

ಅವರ ಮಾತಿನಲ್ಲೇ ಬರೆಯಿರಿ. ಇಂಡಿ ಕಡೆಯ ಮಾತು ಇಂಡಿ ಕಡೆಯದೇ ಇರಲಿ. ಗಡಿಯ ಊರಿನಲ್ಲಿ ಅರ್ಧ ಮರಾಠಿ ಬಂದರೆ ಅದೂ ಇರಲಿ. ಬರೆದದ್ದನ್ನು ಅವರಿಗೆ ಓದಿ ತೋರಿಸಿ, ತೆಗೆಯಿರಿ ಅಂದದ್ದನ್ನು ತೆಗೆಯಿರಿ. ಅವರು ಬೇಡ ಅಂದರೆ ಹೆಸರು ಹಾಕಬೇಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಅವರನ್ನು ಕೇಳಿಯೇ ಮಾಡಿ.

ಎರಡು ಪ್ರತಿ ಮಾಡಿ. ಒಂದು ಅವರ ಮನೆಗೆ. ಇನ್ನೊಂದಕ್ಕೆ ರಟ್ಟು ಕಟ್ಟಿಸಿ ನಿಮ್ಮ ಆಕ್ಸೆಷನ್ ರಿಜಿಸ್ಟರಿನಲ್ಲಿ ಸೇರಿಸಿ. ಬೆಲೆಯ ಕಾಲಂನಲ್ಲಿ 'ಕೊಡುಗೆ' ಎಂದು ಬರೆದರೆ ಆಡಿಟ್‌ನವರೂ ಏನೂ ಅನ್ನುವುದಿಲ್ಲ. ದಸರೆ ಹತ್ತಿರ ಬಂದರೆ ಯಾರೂ ಮನೆಯಲ್ಲಿ ಸಿಗುವುದಿಲ್ಲ, ಜೋಳದ ಸುಗ್ಗಿಯಲ್ಲಂತೂ ಇಲ್ಲವೇ ಇಲ್ಲ. ಅದಕ್ಕೇ ಈ ತಿಂಗಳೇ ಶುರು ಮಾಡಿ ಅನ್ನುತ್ತೇನೆ. ಚಹಾ ಕುಡಿಯುವಾಗ ನಿಮ್ಮ ತಾಲೂಕಿನ ಪಟ್ಟಿಯನ್ನು ಇಲ್ಲೇ ಕೂತು ಮಾಡೋಣ. ಹುನಗುಂದದವರು ಮೊದಲು ಬನ್ನಿ, ನಿಮ್ಮ ಬಸ್ಸು ಬೇಗ ಇದೆ ಎಂದು ಹೇಳಿದಿರಿ.