ರೇಡಿಯೋ ಸಿಗ್ನಲ್ಲನ್ನ ಕಣ್ಣಲ್ಲಿ ನೋಡೋದು ಹೇಗೆ?

[ಪರದೆ: ಮೇಲಿಂದ ಕೆಳಕ್ಕೆ ಸರಿಯುತ್ತಿರುವ ವಾಟರ್‌ಫಾಲ್]

ನಮಸ್ಕಾರ. ಈ ಚಿತ್ರದಲ್ಲಿ ಎಡದಿಂದ ಬಲಕ್ಕೆ ಫ್ರೀಕ್ವೆನ್ಸಿ, ಮೇಲಿಂದ ಕೆಳಕ್ಕೆ ಸಮಯ. ಬಣ್ಣ ಹೊಳೆದಷ್ಟೂ ಸಿಗ್ನಲ್ ಜೋರು. ಇದೇ ವಾಟರ್‌ಫಾಲ್.

675 ಕಿಲೋಹರ್ಟ್ಸ್‌ನಲ್ಲಿ ಬಿಡದೆ ನೆಟ್ಟಗೆ ಇಳೀತಿರೋ ಗೆರೆ ಭದ್ರಾವತಿ ಆಕಾಶವಾಣಿಯದು. ಅದರ ಎರಡೂ ಪಕ್ಕ ಮಾತು, ಹಾಡು ಮಸುಕಾಗಿ ಹರಡಿಕೊಂಡಿವೆ. ಈಗ ಈ ಅಡ್ಡಗೆರೆಗಳನ್ನ ನೋಡಿ. ಮಳೆಗಾಲಕ್ಕೆ ಮುಂಚೆ, ಸಂಜೆ ಗುಡುಗು ಶುರುವಾದಾಗ ಇವು ಬರ್ತವೆ. ಒಂದೊಂದೂ ಮಿಂಚು! ಮಿಂಚು ಇರೋದು ಕ್ಷಣಮಾತ್ರ, ಆದರೆ ಈ ಕೊನೆಯಿಂದ ಆ ಕೊನೆವರೆಗೂ ಎಲ್ಲ ಫ್ರೀಕ್ವೆನ್ಸಿಯಲ್ಲೂ ಕಾಣುತ್ತೆ. ನಿಲ್ಲದೆ ಬರೋ ಸಿಗ್ನಲ್ ಸಣ್ಣ ಗೆರೆ, ಥಟ್ಟನೆ ಬಂದು ಹೋಗೋದು ಅಗಲದ ಗೆರೆ. ಇಷ್ಟು ಹಿಡಿದರೆ ಮುಂದಿನದೆಲ್ಲ ಸಲೀಸು.

[ಪರದೆ: ಸೆಟ್ಟಿಂಗ್ಸ್‌ನಲ್ಲಿ ಎಫ್‌ಎಫ್‌ಟಿ ಸೈಜ್]

ಚಿತ್ರ ಬಿಡಿಸೋದು ಎಫ್‌ಎಫ್‌ಟಿ ಅನ್ನೋ ಲೆಕ್ಕ; ಸಿಗ್ನಲ್ಲಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ಜೋರಾಗಿದೆ ಅಂತ ಬೇರ್ಪಡಿಸಿ ಹೇಳುತ್ತೆ. 1965ರಲ್ಲಿ ಗಣಿತಜ್ಞರಾದ ಜೇಮ್ಸ್ ಕೂಲಿ, ಜಾನ್ ಟ್ಯೂಕಿ ಇದನ್ನ ಪ್ರಕಟಿಸಿದ ಮೇಲೆ ಕಂಪ್ಯೂಟರ್‌ಗಳಲ್ಲಿ ಬಳಕೆಗೆ ಬಂತು. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರ್‌ಗೆ ಸಿಕ್ಕಿಸೋ ಪುಟ್ಟ ರೇಡಿಯೋ ರಿಸೀವರ್, ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ (ಸಿಗ್ನಲ್ಲಿನ ಅಳತೆ) ಕೊಡ್ತಿದೆ ಅಂದ್ಕೊಳ್ಳಿ. ಎಫ್‌ಎಫ್‌ಟಿ ಸೈಜ್ ಅಂದರೆ ಚಿತ್ರದ ಒಂದು ಸಾಲು ಬಿಡಿಸೋಕೆ ತಗೊಳ್ಳೋ ಸ್ಯಾಂಪಲ್‌ಗಳ ಸಂಖ್ಯೆ. ಅದನ್ನ 65,536 ಇಟ್ಟರೆ ಸುಮಾರು 37 ಹರ್ಟ್ಸ್ ಅಂತರದ ಎರಡು ಗೆರೆ ಬೇರೆಬೇರೆ ಕಾಣಬಹುದು. ಆದರೆ ಒಂದೊಂದು ಸಾಲಿಗೂ 27 ಮಿಲಿಸೆಕೆಂಡ್ ಬೇಕು. 1,024ಕ್ಕೆ ಇಳಿಸಿ: ಸಾಲಿಗೆ ಅರ್ಧ ಮಿಲಿಸೆಕೆಂಡೂ ಬೇಡ, ಆದರೆ ಫ್ರೀಕ್ವೆನ್ಸಿ 2.3 ಕಿಲೋಹರ್ಟ್ಸ್‌ನಷ್ಟು ಒರಟು. ಎರಡೂ ಒಟ್ಟಿಗೆ ನುಣುಪಾಗಿ ಸಿಗೋದಿಲ್ಲ. ಇದು ಸಾಫ್ಟ್‌ವೇರಿನ ದೋಷ ಅಲ್ಲ, ಗಣಿತವೇ ಹಾಗಿದೆ.

[ಪರದೆ: ಆಗುಂಬೆ ಕಾಡು]

ನಮ್ಮ ಆಗುಂಬೆಯಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಸಂಶೋಧನಾ ಕೇಂದ್ರದವರು ಕಾಳಿಂಗ ಸರ್ಪದ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಅದರ ಜಾಡು ಹಿಡಿದು ಅಧ್ಯಯನ ಮಾಡಿದ್ದಾರೆ. ಇಂಥ ಟ್ಯಾಗ್‌ಗಳು ಸಾಮಾನ್ಯವಾಗಿ ಬಿಟ್ಟುಬಿಟ್ಟು ಟಿಕ್ ಟಿಕ್ ಅಂತ ಚಿಕ್ಕ ಪಲ್ಸ್ ಕಳಿಸ್ತವೆ. ಎಫ್‌ಎಫ್‌ಟಿ ತೀರಾ ದೊಡ್ಡದಿದ್ದರೆ ಪಲ್ಸ್ ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೋದೇ ಕಲಸಿಹೋಗುತ್ತೆ. ಒಂದು ಮಾತು: ಕಾಡಿನ ಹತ್ರ ಅಂಥದ್ದೇನಾದರೂ ಕಂಡರೆ ದಯವಿಟ್ಟು ಫ್ರೀಕ್ವೆನ್ಸಿಯನ್ನಾಗಲಿ ಜಾಗವನ್ನಾಗಲಿ ಎಲ್ಲೂ ಹಾಕಬೇಡಿ. ಕಳ್ಳಬೇಟೆಯವರೂ ನೋಡ್ತಿರ್ತಾರೆ.

[ಪರದೆ: ಇನ್‌ಸ್ಪೆಕ್ಟ್ರಮ್‌ನಲ್ಲಿ ತೆರೆದ ಫೈಲ್]

ಲೈವ್ ನೋಡೋದಕ್ಕಿಂತ ರೆಕಾರ್ಡ್ ಮಾಡಿ ನೋಡೋದೇ ನನಗಿಷ್ಟ. ಇನ್‌ಸ್ಪೆಕ್ಟ್ರಮ್ ಉಚಿತ ತಂತ್ರಾಂಶ; ಮಾಡಿಟ್ಟ ರೆಕಾರ್ಡಿಂಗನ್ನ ಬೇರೆಬೇರೆ ಸೈಜಿನಲ್ಲಿ ಎಷ್ಟು ಸಲ ಬೇಕಾದರೂ ತೆರೆದು ನೋಡಬಹುದು. ಇಲ್ಲಿ ಸಮಯ ಎಡದಿಂದ ಬಲಕ್ಕೆ, ಗೊಂದಲ ಬೇಡ.

ಇದು 433.92 ಮೆಗಾಹರ್ಟ್ಸ್‌ನ ಗೇಟ್ ರಿಮೋಟ್. ಗುಂಡಿ ಒತ್ತಿದಾಗ ಬಂದ ಗುರುತು ಬರೀ ಒಂದು ಪಟ್ಟೆ. ಎಫ್‌ಎಫ್‌ಟಿ ಇಳಿಸ್ತಾ ಬನ್ನಿ. ನೋಡಿ, ಪಟ್ಟೆ ಒಡೆದು ಉದ್ದ, ಗಿಡ್ಡ ತುಂಡುಗಳಾಯ್ತು! ಅವೇ ಡೇಟಾ. ಅತಿ ಚಿಕ್ಕ ತುಂಡಿನ ಎರಡು ತುದಿಗೆ ಕರ್ಸರ್ ಇಡಿ. ಅದು 500 ಮೈಕ್ರೋಸೆಕೆಂಡ್ ಬಂದರೆ, ಸೆಕೆಂಡಿಗೆ 2,000 ತುಂಡು ಅಂತ ಲೆಕ್ಕ.

ಡಿಸ್ಕ್ ಕಡೆ ಗಮನ ಇರಲಿ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಅಂದರೆ ನಿಮಿಷಕ್ಕೆ 288 ಎಂಬಿ. ರಿಮೋಟ್‌ಗೆ ಅಷ್ಟು ಬೇಡ, 2.5 ಲಕ್ಷ ಇಡಿ, 30 ಎಂಬಿಗೆ ಇಳಿಯುತ್ತೆ. ನಿಮ್ಮ ಮನೆ ರಿಮೋಟ್‌ನ ಚಿಕ್ಕ ತುಂಡು ಎಷ್ಟು ಮೈಕ್ರೋಸೆಕೆಂಡ್ ಬಂತು ಅಂತ ಅಳೆದು ಕಮೆಂಟ್‌ನಲ್ಲಿ ಹೇಳಿ.