ಡೈರಿಯಲ್ಲಿ ನಾನು ಬರೆದ ಎರಡು ಸಾಲು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಮಾಟುಂಗಕ್ಕೆ ಬರುವಾಗ ಲೋಕಲ್ ಕುರ್ಲಾದಲ್ಲಿ ಅರ್ಧ ಗಂಟೆ ನಿಂತುಬಿಟ್ಟಿತು. ಹಾಗಾಗಿ ಬರೆದುಕೊಂಡು ಬಂದದ್ದರಲ್ಲಿ ಅರ್ಧ ಬಿಡುತ್ತೇನೆ. ನೀವು ಬದುಕಿದಿರಿ.

'ನಾನು ಹುಡುಗ ಅಲ್ಲ, ಹುಡುಗಿ' ಅಂತ ಮಗು ಟೀಚರ್ ಹತ್ತಿರ ಹೇಳಿತು ಅನ್ನಿ. ಮನೆಗೆ ತಿಳಿಸಬೇಕಾ, ಬೇಡವಾ? ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ 2023ರಲ್ಲಿ, 16 ವರ್ಷದೊಳಗಿನ ಮಗುವನ್ನು ಶಾಲೆಯಲ್ಲಿ ಬೇರೆ ಹೆಸರಿನಿಂದ ಕರೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂದರು. ಮರುವರ್ಷ, 2024ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉಲ್ಟಾ ಕಾನೂನು ತಂದರು: ಮಗು ಒಪ್ಪದೆ ಮನೆಗೆ ಹೇಳಲೇಬೇಕು ಅಂತ ಟೀಚರನ್ನು ಒತ್ತಾಯಿಸುವಂತಿಲ್ಲ ಅಂತ. ನನ್ನದು ಒಂದೇ ಮಾತು. ಹೇಳುವ ಮೊದಲು ಮಗುವನ್ನು ಕೇಳಿ.

1990ರ ದಶಕ. ಇಲ್ಲೇ ಮುಂಬಯಿಯ ಒಂದು ಕನ್ನಡ ಶಾಲೆ, ಹೆಸರು ಬೇಡ. ನಾನು ಅಲ್ಲಿ ಟೀಚರ್. ಎಂಟನೇ ಕ್ಲಾಸಿನ ಹುಡುಗ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಸುಭದ್ರೆಯಾದ. (ಹುಡುಗ ಅಂತಲೇ ಬಾಯಿಗೆ ಬರುತ್ತದೆ. ಹಳೇ ಅಭ್ಯಾಸ, ಕ್ಷಮಿಸಿ.) ನಮ್ಮ ಊರ ಕಡೆಯವರಿಗೆ ಸ್ತ್ರೀವೇಷ ಏನು ಹೊಸದಾ? ಆದರೂ ಆ ನಡಿಗೆ, ಆ ಕಣ್ಣು! ಕ್ಯಾಂಟೀನ್ ನಡೆಸುತ್ತಿದ್ದ ಅಪ್ಪ ಮುಂದಿನ ಸಾಲಿನಿಂದ ಎದ್ದು ಬಂದು ಸೀರೆಗೆ ನೂರರ ನೋಟು ಪಿನ್ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ.

ಸೋಮವಾರ ಕ್ಲಾಸಿಗೆ ಬಂದಾಗ ಕಣ್ಣಲ್ಲಿ ಕಾಡಿಗೆ ಹಾಗೇ ಇತ್ತು. ತೊಳೆದರೂ ಹೋಗಿಲ್ಲವೇನೋ ಅಂದುಕೊಂಡೆ. ಗುರುವಾರವೂ ಇತ್ತು. ವಿಜ್ಞಾನದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಂದು ಹುಡುಗಿಯ ಹೆಸರು, ಮುಂದೆ ಅವರದೇ ಮನೆಯ ಸರ್‌ನೇಮು. ಸಹಿ ಕಲಿಯುವವರ ಹಾಗೆ ಹತ್ತಿಪ್ಪತ್ತು ಸಲ ಬರೆದಿತ್ತು. ಯಾರಿದು ಅಂದೆ. 'ನಾನೇ ಟೀಚರ್.' ನಾನೇನು ಮಾಡಿದೆ? ಡೈರಿಯಲ್ಲಿ ಬರೆದೆ: 'ಮಗನ ನಡತೆ ಬಗ್ಗೆ ಮಾತಾಡಬೇಕು. ಬಂದು ಕಾಣಿರಿ.' ಅವನ ಕೈಯಲ್ಲೇ ಕಳಿಸಿದೆ ನೋಡಿ!

ಅಪ್ಪ ಬಂದರು. ಅಂಗಿಯೆಲ್ಲ ಈರುಳ್ಳಿ ವಾಸನೆ. ತಲೆ ತಗ್ಗಿಸಿ ಕೇಳಿ 'ಆಯ್ತು ಟೀಚರ್' ಅಂದರು. ಮುಂದಿನ ಸೋಮವಾರ ಬೆಂಚು ಖಾಲಿ. ರಾತ್ರಿ ಬಸ್ಸಿಗೆ ಊರಿಗೆ ಕಳಿಸಿದ್ದರು. ಎರಡು ತಿಂಗಳಿಗೆ ಅಲ್ಲಿಂದಲೂ ಓಡಿಹೋದ ಅಂತ ಕೇಳಿದೆ.

ಅಪ್ಪ ಕೆಟ್ಟವರಲ್ಲ. ನೋಟು ಪಿನ್ ಮಾಡಿದ್ದೂ ಅದೇ ಕೈ ಅಲ್ವಾ? ವೇಷ ಇರುವ ತನಕ ಹೆಮ್ಮೆ, ಇದು ವೇಷ ಅಲ್ಲ ಅಂದ ಕೂಡಲೇ ಹೆದರಿಕೆ. ಕೇಳಿದ್ದರೆ ಆ ಮಗು 'ಮೊದಲು ಅಮ್ಮನಿಗೆ ಹೇಳಿ ಟೀಚರ್' ಅಂತಿತ್ತೇನೋ. ನಾನು ಕೇಳಲೇ ಇಲ್ಲ.

ಮನೆಯವರಿಂದ ಮುಚ್ಚಿಡಿ ಅಂತಿಲ್ಲ. ಜ್ವರ ಬಂದರೆ ರಾತ್ರಿಯಿಡೀ ಕೂರುವವರು ಅವರೇ. ನಮ್ಮ ದೇಶದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 12ನೇ ಕಲಮು ಕೂಡ, ಟ್ರಾನ್ಸ್‌ಜೆಂಡರ್ ಅನ್ನುವ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು, ಮಗುವಿನ ಒಳ್ಳೆಯದಕ್ಕೆ ಕೋರ್ಟ್ ಹೇಳಿದರೆ ಮಾತ್ರ ಅಂದಿತು. ಸರಿ, ಹೆತ್ತವರೇ ಬಸ್ಸು ಹತ್ತಿಸಿದರೆ?

2021ರಲ್ಲಿ ಶಾಲಾ ಪಠ್ಯಪುಸ್ತಕ ತರುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಇಂಥ ಮಕ್ಕಳ ಬಗ್ಗೆ ಶಿಕ್ಷಕರಿಗೆ ಕೈಪಿಡಿ ತಂದಿತು. ಗಲಾಟೆ ಆಯಿತು, ಕೆಲವೇ ದಿನದಲ್ಲಿ ವೆಬ್‌ಸೈಟಿನಿಂದ ಮಾಯ. ಟೀಚರ್ ಕೈಯಲ್ಲಿ ಉಳಿದದ್ದು ಮತ್ತೆ ಅದೇ ಡೈರಿ.

ಓ, ಟೈಮ್ ಆಯ್ತು ಅಂತ ಚೀಟಿ ಬಂತು. ಟಾಯ್ಲೆಟ್, ಯೂನಿಫಾರ್ಮ್, ಹಾಜರಿಯ ಹೆಸರು, ಎಲ್ಲ ಬಾಕಿ. ಇರಲಿ. ಹಿಂದಿನ ಸಾಲಿನ ಅಣ್ಣ ಆಗಿನಿಂದ ಕೈ ಎತ್ತಿದ್ದಾರೆ. 'ಮಕ್ಕಳಿಗೇನು ಗೊತ್ತಾಗುತ್ತೆ' ಅನ್ನುವ ಮುಖ. ಮೈಕ್ ಅವರಿಗೆ ಕೊಡಿ.